ಐದು ಲೀಟರ್ ಹಿಂಡೂ ಆಕಳನೂ ಬರಕೋಬೇಕ್ರಿ

ಅಥಣಿ ಕಡೆ ಹಳ್ಳಿಗಳೊಳಗ ಹಾಲಿನ ಲೆಕ್ಕ ಬರಕೊಳ್ಳೂ ಕೆಲಸ ನಂದು, ತಿಂಗಳಿಗೊಮ್ಮೆ ಮುಂಜಾನಿ ಸಂಜಿ ಎರಡೂ ಹೊತ್ತು ಮನೀಗಿ ಹೋಗಿ ಹಾಲು ತೂಗಿ ಕಿವಿ ಓಲೆಯ 12 ಅಂಕಿ ನಂಬರಿನ ಮುಂದ ಮೊಬೈಲ್‌ನ್ಯಾಗ ಹಾಕೂದು. ಮೊದಲ್ನೇ ವರ್ಷ ನಾ ಮಾಡಿದ ತಪ್ಪು ಈಗ ಹೊಸಾ ಹುಡುಗ್ರೂ ಮಾಡಾಕತ್ತಾರ, ಅದಕ್ಕ ಬರದೀನಿ.

ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ತಳಿ) ಹೋರಿಯ ಒಂಬತ್ತು ಹೆಣ್ಣು ನನ್ನ ಲಿಸ್ಟಿನ್ಯಾಗ ಇದ್ದೂ. ಒಬ್ಬ ಮಾವಶಿ "ನಮ್ದು ಐದ ಲೀಟರ್ ಹಿಂಡತೈತಿ, ಅದನ್ನೇನ್ ಬರಕೋತಿಯೋ ತಮ್ಮಾ" ಅಂದ್ರು, ನಾ ಹೂಂ ಅಂತ ಬಿಟ್ಟೆ, ಹಂಗ ಚಲೋ ಹಿಂಡೂ ಐದನ್ನಷ್ಟ ಬರಕೊಂಡೆ, ಡಿಎನ್‌ಎಗಂತ ಬಾಲದ ಕೂದಲಾನೂ ಆ ಐದರದಷ್ಟ ಕಿತ್ತೆ. ಡಾಕ್ಟ್ರು ಪಟ್ಟಿ ನೋಡಿ ಒಂದ ಮಾತು ಕೇಳಿದ್ರು: "ಈ ಹೋರಿಗೆ ಕಮ್ಮಿ ಹಿಂಡೂ ಮಗಳ ಇಲ್ಲೇನ್ ಹಂಗಾರ?"

ನಾವು ಬರದದ್ದು ಹೋಗೂದು ಜೀನೋಮಿಕ್ ಲೆಕ್ಕಕ್ಕ, ಅಂದ್ರ ಕರ ಸಣ್ಣದಿದ್ದಾಗನ ಡಿಎನ್‌ಎದಾಗಿನ ಸಾವಿರಾರು ಗುರುತು ನೋಡಿ ಮುಂದ ಎಷ್ಟು ಹಿಂಡೀತು ಅಂತ ಅಂದಾಜು ಮಾಡೂದು, ಆದ್ರ ಯಾವ ಗುರುತಿಗೆ ಎಷ್ಟು ಹಾಲು ಅಂತ ಕಂಪ್ಯೂಟರ್ ಕಲಿಯೂದು ನಾವು ಬರದ ಆಕಳಿಂದನ. ಚಲೋವ್ನಷ್ಟ ಕೊಟ್ರ ಒಳ್ಳೇದಕ್ಕ ಕೆಟ್ಟದ್ದಕ್ಕ ಫರಕ ಎಲ್ಲಿ ಕಾಣಬೇಕು? ನನ್ನ ಐದರಾಗ ಮೂರು ಒಬ್ಬ ಗೌಡ್ರ ಕೊಟ್ಟಿಗ್ಯಾಗ ಹಿಂಡಿ, ಸೈಲೇಜ್ (ಹುಳಿ ಬರಿಸಿಟ್ಟ ಹಸಿ ಮೇವು) ತಿಂದು ಬೆಳದಾವು, ಮಾವಶಿ ಆಕಳಿಗೆ ಬರೇ ಕಣಿಕಿ, ಹಂಗಾದ್ರ ಹಾಲು ಹೋರೀದೋ ಹಿಂಡೀದೋ. ಒಂದ ಹೋರಿ ಮಕ್ಕಳು ಹತ್ತಾರು ಮನ್ಯಾಗ ಹಂಚಿ ಇದ್ರನ ಅದು ಬಿಡಿಸಿ ಗೊತ್ತಾಗತೈತಿ.

ಗರ್ಭ ಕಟ್ಟಿಸೂ ವೀರ್ಯದ ಸ್ಟ್ರಾ (ಸಣ್ಣ ಕೊಳವಿ) ಮ್ಯಾಲಿನ ಹೋರಿ ನಂಬರ್ ಬರೀದಿದ್ರ ಇನ್ನೂ ಕೆಟ್ಟ, ಎರಡು ವರ್ಷಕ್ಕ ಅದ ಹೋರಿದು ಅದರ ಮಗಳಿಗೇ ಹಾಕಿಬಿಡ್ತಾರ, ಹುಟ್ಟೂ ಕರಕ್ಕ ಇನ್‌ಬ್ರೀಡಿಂಗ್ (ಒಂದ ರಕ್ತದೊಳಗ ಕೂಡಿಸೂದು) 25 ಪರ್ಸೆಂಟ್, ಅದು ಸೊರಗಿದ್ರ ದೋಷ ಯಾರ ತಲೀಮ್ಯಾಲ ಹಾಕೂದು ಹೇಳ್ರಿ.

ಅಮೆರಿಕದಾಗ ಹೋಲ್‌ಸ್ಟೀನ್‌ಗೆ ಈ ಲೆಕ್ಕ 2009ರಾಗ ಅಧಿಕೃತ ಆತು, ಆದ್ರ ಅದರ ಹಿಂದ ದಶಕಗಟ್ಲೆ ಬರದಿಟ್ಟ ಹಾಲಿನ ದಾಖಲೆ ಇತ್ತು. ನಮ್ಮಲ್ಲಿ 2024ರ ಅಕ್ಟೋಬರ್‌ದಾಗ ಆ ಡಿಎನ್‌ಎ ಗುರುತು ಓದೂ ಚಿಪ್, ಆಕಳಿಗೆ ಗೌಚಿಪ್, ಎಮ್ಮಿಗೆ ಮಹಿಷಚಿಪ್ ಬಿಡುಗಡೆ ಆಗ್ಯಾವು, ಖುಷಿ ಐತಿ, ಆದ್ರ ಚಿಪ್ ಹಾಲು ತೂಗೂದಿಲ್ಲ, ನಾವ ತೂಗಬೇಕು.

ಮುಂದಿನ ತಿಂಗಳ ಮಾವಶಿ ಮನೀಗಿ ಹೋದೆ. ಬಕೀಟ ತೂಗಹಾಕಿದ್ರ ಮುಂಜಾನಿದು 2.6, ಸಂಜಿದು 2.1. ಅವ್ರು ಮುಖ ಸಣ್ಣದು ಮಾಡಿ ನಿಂತಿದ್ರು, ನಾ ಅಷ್ಟ ಬರದೆ, ಕೂದಲಾನೂ ತಗೊಂಡೆ.