ಓವರ್‌ಹೀಟಿಂಗ್ ಕಾಟ: ಕೆಳಗಿನ ಹೋಸ್ ಸಿಕ್ಕಿಬಿತ್ತು

ಸಿಕ್ಕಿತು! ಕಳ್ಳ ಅಲ್ಲದಿದ್ದರೂ ಕಳ್ಳನ ಜೊತೆಗಾರನಂತೂ ಸಿಕ್ಕಿದ: ರೇಡಿಯೇಟರಿನಲ್ಲಿ ತಣ್ಣಗಾದ ನೀರನ್ನು ಎಂಜಿನ್ನಿಗೆ ಮರಳಿಸುವ ಕೆಳಗಿನ ಹೋಸ್.

ನನ್ನ ಹಳೇ ಗಾಡಿಯ ಎಂಜಿನ್ ವಿಪರೀತ ಬಿಸಿಯಾಗುವ ಕಾಟದ ಕಥೆ ಇಲ್ಲಿಯತನಕ, ಚುಟುಕಾಗಿ: ಥರ್ಮೋಸ್ಟ್ಯಾಟ್ (ನೀರು ಬಿಸಿಯಾದಾಗ ತೆರೆಯುವ ಕವಾಟ) ಹೊಸದು, ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡಿದ್ದೇನೆ, 82 ಡಿಗ್ರಿಗೆ ಸರಿಯಾಗಿ ಬಾಯಿ ತೆರೆಯುತ್ತದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಯ ಕೆಳಗಿನ ಸೀಲ್) ಅನುಮಾನಕ್ಕೆ, ಎಂಜಿನ್ ಹೊಗೆ ನೀರಿಗೆ ಸೇರುತ್ತಿದ್ದರೆ ಬಣ್ಣ ಬದಲಿಸುವ ನೀಲಿ ದ್ರಾವಣದ ಟೆಸ್ಟ್ ಆಯಿತು. ನೀಲಿ ನೀಲಿಯಾಗಿಯೇ ಉಳಿಯಿತು. ವಾಟರ್ ಪಂಪ್ ತಿರುಗಿಸುವ ಬೆಲ್ಟ್ ಬಿಗಿ ಇದೆ, ಬಿಸಿ ತೋರಿಸುವ ಗೇಜ್ ಸುಳ್ಳು ಹೇಳುತ್ತಿಲ್ಲ. ಇಷ್ಟಾದರೂ ಊರೊಳಗೆ ತಣ್ಣಗಿರುವ ಗಾಡಿ ಹೈವೇಯಲ್ಲಿ ಒಂದಷ್ಟು ದೂರ ಓಡಿತೆಂದರೆ ಮುಳ್ಳು ಕೆಂಪಿನ ಕಡೆ ಹೊರಡುತ್ತಿತ್ತು. ಬದಿಗೆ ನಿಲ್ಲಿಸಿ ಐಡ್ಲಿಂಗ್‌ನಲ್ಲಿ ಬಿಟ್ಟರೆ, ಏನೂ ಗೊತ್ತಿಲ್ಲದವನ ಹಾಗೆ ಮತ್ತೆ ಕೆಳಗೆ.

ಈ ಲಕ್ಷಣ ಕಂಡವರು ಫ್ಯಾನ್ ತಂಟೆಗೆ ಹೋಗಬಾರದು. ಟ್ರಾಫಿಕ್‌ನಲ್ಲಿ ಎಂಜಿನ್ ಬಿಸಿಯಾದರೆ ಗಾಳಿಯ ಕೊರತೆ. ಸ್ಪೀಡಿನಲ್ಲಿ ಬಿಸಿಯಾದರೆ ಗಾಳಿ ಬೇಕಾದಷ್ಟಿರುತ್ತದೆ, ನೀರು ಸರಿಯಾಗಿ ಓಡುತ್ತಿರುವುದಿಲ್ಲ. ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಹಿಂದೆ ಬಿದ್ದಿದ್ದರೂ ಎಂಜಿನ್ ಬಿಸಿಯಾಗುತ್ತದೆ, ಹಾಗಾಗಿ ಅದನ್ನು ನೋಡುವ ಸ್ಟ್ರೋಬ್ ಲೈಟ್ ಹಿಡಿದೆ. ಟೈಮಿಂಗ್ ಸರಿಯಿದೆ. ಇನ್ನು ನೀರಿನ ವಿಷಯಕ್ಕೆ ಬರೋಣ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಬಾನೆಟ್ ಎತ್ತಿ, ಟಾರ್ಚ್ ಕೆಳಕ್ಕೆ ಹಿಡಿದು, ಕಾರ್ಬ್ಯುರೇಟರ್ ಲಿಂಕೇಜನ್ನು ಕೈಯಿಂದಲೇ ಎಳೆದೆ. ಎರಡು ಸಾವಿರ ಆರ್‌ಪಿಎಂ, ಏನಿಲ್ಲ. ಮೂರು ಸಾವಿರ ದಾಟುತ್ತಿದ್ದಂತೆ ಕೆಳಗಿನ ಹೋಸ್‌ನ ಬಾಗಿನಲ್ಲಿ ಸಣ್ಣ ಗುಳಿ ಬಿತ್ತು. ಇನ್ನಷ್ಟು ಎಳೆದಾಗ ಎರಡೂ ಬದಿಯ ರಬ್ಬರ್ ಒಳಕ್ಕೆ ಬಂದು ಒಂದಕ್ಕೊಂದು ಅಂಟಿಕೊಂಡಿತು. ಲಿಂಕೇಜ್ ಬಿಟ್ಟೆ, ‘ಪೊಳಕ್’ ಎಂದು ಮತ್ತೆ ದುಂಡಗಾಯಿತು. ಈ ಆಟವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ, ಅಷ್ಟು ಖುಷಿ.

ಆ ಜಾಗ ವಾಟರ್ ಪಂಪ್ ನೀರು ಎಳೆದುಕೊಳ್ಳುವ ಕಡೆ. ಅದಕ್ಕೇ ಹೋಸ್ ಕುಗ್ಗದಂತೆ ಹಲವು ಗಾಡಿಗಳಲ್ಲಿ ಒಳಗೊಂದು ಸ್ಪ್ರಿಂಗ್ ಇರುತ್ತದೆ. ನನಗೆ ಬಂದ ಹೊಸ ಹೋಸ್‌ನಲ್ಲಿ ಇರಲಿಲ್ಲ. ಕಳಿಸಿದವನಿಗೆ ಫೋನ್ ಮಾಡಿದರೆ, “ಹಳೇದ್ರದ್ದೇ ತೆಗೆದು ಹಾಕ್ಕೊಳ್ಳಿ ಸಾರ್” ಎಂದ. ಹಳೆಯದು ತುಕ್ಕು ಹಿಡಿದು ಚೂರಾಗಿತ್ತು. ಅಂಥ ಒಂದು ಚೂರು ಪಂಪಿನೊಳಗೆ ತಿರುಗುವ ಇಂಪೆಲ್ಲರ್‌ಗೆ ಸಿಕ್ಕಿದರೆ ಪಂಪಿಗೂ ಅವನ ಹತ್ತಿರವೇ ಹೋಗಬೇಕು. ವ್ಯಾಪಾರ ಚೆನ್ನಾಗಿದೆ!

ಕೊನೆಗೆ 3 ಮಿ.ಮೀ. ಸ್ಟೇನ್‌ಲೆಸ್ ತಂತಿಯನ್ನು ಪೈಪಿಗೆ ಸುತ್ತಿ ನಾನೇ ಮಾಡಿಕೊಂಡೆ. ಬಿಟ್ಟ ತಕ್ಷಣ ತಂತಿಯ ಸುರುಳಿ ಅಗಲವಾಗುತ್ತದೆ, ಹಾಗಾಗಿ ಪೈಪ್ ಸಣ್ಣದೇ ಇರಬೇಕು. ಸ್ಪ್ರಿಂಗ್ ಹೋಸ್‌ನ ಒಳ ಅಳತೆಗಿಂತ ಕೂದಲೆಳೆಯಷ್ಟು ದೊಡ್ಡದಾದರೆ ಒಳ್ಳೆಯದು. ತಿರುಚುತ್ತಾ ತೂರಿಸಿದರೆ ಕಚ್ಚಿಕೊಂಡು ಪಂಪಿನ ಕಡೆ ಜಾರುವುದಿಲ್ಲ. ತುದಿಗಳನ್ನು ಒಳಕ್ಕೆ ಮಡಚಿ ಅರದಿಂದ ನುಣ್ಣಗೆ ಉಜ್ಜಿ, ಇಲ್ಲದಿದ್ದರೆ ರಬ್ಬರ್ ಕೊರೆಯುತ್ತದೆ.

ಈಗ ಸಮತಟ್ಟು ರಸ್ತೆಯಲ್ಲಿ ಮುಳ್ಳು ಅರ್ಧಕ್ಕಿಂತ ಕೆಳಗೇ ನಿಂತಿದೆ. ಉದ್ದ ಏರಿನಲ್ಲಿ ಮಾತ್ರ ಇನ್ನೂ ಸ್ವಲ್ಪ ಹತ್ತುತ್ತದೆ. ಒಳಗೆ ಒತ್ತಡ ತುಂಬಿದ್ದಾಗ ಹೋಸ್ ಉಬ್ಬಬೇಕೇ ಹೊರತು ಕುಗ್ಗಬಾರದು. ನನ್ನದು ಹಳೇ ಕಾಲದ 7 ಪಿಎಸ್‌ಐ ಒತ್ತಡ ಹಿಡಿಯುವ ರೇಡಿಯೇಟರ್ ಕ್ಯಾಪ್, ಒತ್ತಡ ಕಡಿಮೆ, ನಿಜ. ಹಾಗಿದ್ದರೂ ಅಷ್ಟು ಜೋರಾಗಿ ಎಳೆಯುತ್ತಿದೆ ಎಂದರೆ ಪಂಪಿಗೆ ರೇಡಿಯೇಟರಿನಿಂದ ನೀರು ಸಾಲುತ್ತಿಲ್ಲ.

ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ತೆಗೆದೆ. ಮಿರುಗುವ ಅಲ್ಯುಮಿನಿಯಂ ಹೌಸಿಂಗ್ ಮೇಲೆ ಅದು ಕಡಿಮೆ ತೋರಿಸುತ್ತದೆ, ಅಲ್ಲಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಕಪ್ಪು ಬಳಿದ ಕೋರ್, ಅಂದರೆ ರೇಡಿಯೇಟರಿನ ಟ್ಯೂಬ್ ಇರುವ ನಡುಭಾಗದ ಮೇಲೆ ತೊಂದರೆಯಿಲ್ಲ. ಎಡಗಡೆಯಿಂದ ಹಿಡಿದುಕೊಂಡು ಬಂದರೆ ಎಲ್ಲ ಬಿಸಿ, ಬಲತುದಿಯಲ್ಲಿ ಅಂಗೈ ಅಗಲದ ಪಟ್ಟಿ ಮೇಲಿಂದ ಕೆಳಗಿನವರೆಗೆ ತಣ್ಣಗೆ. ಅಷ್ಟೂ ಟ್ಯೂಬ್ ಕಟ್ಟಿಕೊಂಡಿವೆ. ಹಿಂದೊಮ್ಮೆ ರೇಡಿಯೇಟರಿಗೆ ಪೈಪಿನ ನೀರು ಬಿಟ್ಟು ತೊಳೆದಾಗ ಧಾರಾಳವಾಗಿ ಹರಿದಿತ್ತಲ್ಲ ಎಂದರೆ, ಅದು ತೆರೆದಿರುವ ಟ್ಯೂಬ್‌ಗಳಲ್ಲೇ ಹರಿದಿರುತ್ತದೆ.

ರೇಡಿಯೇಟರ್ ರಿಪೇರಿಯವರಿಗೆ ಟ್ಯೂಬಿನೊಳಗೆ ಕಡ್ಡಿ ಹಾಕಿ ಚೊಕ್ಕ ಮಾಡಿ ಕೊಡಿ ಎಂದರೆ, “ಇದನ್ನು ಬಿಸಾಕಿ, ಅಲ್ಯುಮಿನಿಯಂ ಹಾಕಿಸಿ” ಅಂತಾರೆ. ತಾಮ್ರದ ಕೋರ್ ಬಿಸಾಕುವುದಾ? ಮೇಲಿನ ಟ್ಯಾಂಕಿನ ಬೆಸುಗೆಯನ್ನು ನಾನೇ ಬಿಚ್ಚುತ್ತೇನೆ. ಕೆಳಗಿನದಕ್ಕೆ ಬ್ರಾಕೆಟ್‌ಗಳೂ ಬೆಸೆದಿವೆ, ಅದನ್ನು ಮುಟ್ಟುವುದಿಲ್ಲ. ತೆಳು ಉಕ್ಕಿನ ಪಟ್ಟಿ ಮೇಲಿನಿಂದಲೇ ಇಳಿದರೆ ಸಾಕು.