ಹಾಲಿನ ಪ್ಯಾಕೆಟ್ ತೊಳೆದೆವು, ಕಿಟಕಿ ತೆರೆಯಲಿಲ್ಲ

2020ರ ಜೂನ್ ತಿಂಗಳಿನಲ್ಲಿ ನಮ್ಮ ಅಡುಗೆಮನೆಯ ಸಿಂಕಿನ ಪಕ್ಕ ಒಂದು ನೀಲಿ ಟಬ್ಬು ಇರುತ್ತಿತ್ತು. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬಂದ ಕೂಡಲೇ ಅಮ್ಮ ಅದನ್ನು ಸೋಪಿನ ನೀರಿನಲ್ಲಿ ಮುಳುಗಿಸಿ, ಮೂಲೆ ಮೂಲೆಯನ್ನೂ ಉಜ್ಜಿ, ನಲ್ಲಿಯ ಕೆಳಗೆ ಹಿಡಿದು ತೊಳೆದ ಮೇಲೆಯೇ ಒಳಗಿಡುತ್ತಿದ್ದರು. ಕೊತ್ತಂಬರಿ ಸೊಪ್ಪಿಗೆ ಉಪ್ಪುನೀರು, ನೋಟುಗಳಿಗೆ ಇಸ್ತ್ರಿಪೆಟ್ಟಿಗೆ. ಇಷ್ಟೆಲ್ಲ ಮಾಡಿದವರು, ಸಂಜೆ ಪಕ್ಕದ ಮನೆಯವರು ಬಂದಾಗ ಸೊಳ್ಳೆ ಬರುತ್ತದೆಂದು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಆರಡಿ ದೂರಕ್ಕೆ ಕುರ್ಚಿ ಹಾಕಿಕೊಂಡು, ಗಂಟೆಗಟ್ಟಲೆ ಮಾತನಾಡುತ್ತಿದ್ದೆವು. ನಮಗೆ ಹೇಳಿದ್ದನ್ನು ನಾವು ಚಾಚೂ ತಪ್ಪದೆ ಪಾಲಿಸಿದ್ದೆವು. ನನ್ನ ಕೊರಗು ಇರುವುದೇ ಅಲ್ಲಿ.

2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಗಾಳಿಯಿಂದ ಹರಡುವ ರೋಗವಲ್ಲವೆಂದು, ‘ವಾಸ್ತವಾಂಶ’ ಎಂಬ ಶೀರ್ಷಿಕೆಯಡಿ ಟ್ವೀಟ್ ಮಾಡಿತು. ‘ಇನ್ನೂ ಖಚಿತವಿಲ್ಲ’ ಎಂದಿದ್ದರೆ ನಾನು ಇಂದು ಇದನ್ನು ಬರೆಯುತ್ತಿರಲಿಲ್ಲ. ಅದಕ್ಕೂ ಮೊದಲೇ, ಮಾರ್ಚ್ 10ರಂದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯ ಸಮೂಹಗಾಯನ ತಂಡವೊಂದು ಸುಮಾರು ಎರಡೂವರೆ ಗಂಟೆ ತಾಲೀಮು ನಡೆಸಿತ್ತು. ಬಂದಿದ್ದವರು 61 ಮಂದಿ. ಬಾಗಿಲಲ್ಲಿ ಸ್ಯಾನಿಟೈಸರ್ ಇತ್ತು, ಕೈಕುಲುಕುವುದನ್ನೂ ಅಪ್ಪಿಕೊಳ್ಳುವುದನ್ನೂ ಬಿಟ್ಟಿದ್ದರು. ಆದರೂ ಮೊದಲು ಕಾಯಿಲೆಯಿದ್ದ ಒಬ್ಬರನ್ನು ಬಿಟ್ಟು ಇನ್ನೂ 52 ಮಂದಿಗೆ ಸೋಂಕು ತಗಲಿತೆಂದು ಲೆಕ್ಕ ಹಾಕಲಾಯಿತು, ಇಬ್ಬರು ತೀರಿಕೊಂಡರು. ಕೆಮ್ಮಿದಾಗ ಹಾರುವ ದಪ್ಪ ಹನಿ ನಾಲ್ಕಾರು ಅಡಿಯೊಳಗೆ ನೆಲಕ್ಕೆ ಬೀಳುವುದು ನಿಜ. ಆದರೆ ಹಾಡುವಾಗ, ಮಾತನಾಡುವಾಗ, ಸುಮ್ಮನೆ ಉಸಿರಾಡುವಾಗ ಹೊರಬರುವ ಸಣ್ಣ ಕಣಗಳು ಅಗರಬತ್ತಿಯ ಹೊಗೆಯಂತೆ ಕೋಣೆಯಲ್ಲಿ ತೇಲುತ್ತಲೇ ಇರುತ್ತವೆ ಎಂಬುದನ್ನು ಒಪ್ಪದೆ ಆ ಸಂಜೆಯನ್ನು ವಿವರಿಸುವುದು ಕಷ್ಟ.

ಜುಲೈನಲ್ಲಿ ಲಿಡಿಯಾ ಮೊರಾವ್‌ಸ್ಕಾ ಮತ್ತು ಡೊನಾಲ್ಡ್ ಮಿಲ್ಟನ್ ಬರೆದ, 239 ವಿಜ್ಞಾನಿಗಳ ಬೆಂಬಲವಿದ್ದ, ಕೋವಿಡ್ ಗಾಳಿಯಿಂದಲೂ ಹರಡುತ್ತದೆಂದು ಒಪ್ಪಿಕೊಳ್ಳಿ ಎಂದು ಕೋರಿದ ಬಹಿರಂಗ ಪತ್ರ ಹೊರಬಂತು. ಸಂಸ್ಥೆಯ ಭಾಷೆ ಅಷ್ಟಿಷ್ಟು ಮೆತ್ತಗಾಯಿತಾದರೂ ವೆಬ್‌ಸೈಟಿನ ಪ್ರಶ್ನೋತ್ತರದಲ್ಲಿ ವಿಷಯ ಸ್ಪಷ್ಟವಾಗಿ ಬದಲಾದದ್ದು 2021ರ ಏಪ್ರಿಲ್ 30ರಂದು. ಆಗ ನಮ್ಮ ದೇಶದಲ್ಲಿ ಎರಡನೆಯ ಅಲೆ ತುತ್ತತುದಿಯಲ್ಲಿತ್ತು, ದಿನವೊಂದಕ್ಕೆ ನಾಲ್ಕು ಲಕ್ಷದ ಆಸುಪಾಸು ಪ್ರಕರಣಗಳು ವರದಿಯಾಗುತ್ತಿದ್ದವು. ಸಣ್ಣ ಕಣಗಳು ಹತ್ತು ಮೀಟರ್‌ವರೆಗೂ ಸಾಗಬಲ್ಲವು, ಕಿಟಕಿ ಬಾಗಿಲು ತೆರೆದಿಡಿ, ಎಕ್ಸಾಸ್ಟ್ ಫ್ಯಾನ್ ಹಾಕಿ ಎಂಬ ಸಲಹೆಯನ್ನು ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಹೊರಡಿಸಿದ್ದು 2021ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ನಮ್ಮ ಬೀದಿಯ ಮೂರು ಮನೆಗಳಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು.

ಈ ಹಿಂಜರಿಕೆ ಏಕೆಂದು ಹುಡುಕುತ್ತ ಹೋದಾಗ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಹಳೆಯ ಕಥೆ. ಹತ್ತೊಂಬತ್ತನೆಯ ಶತಮಾನದ ವೈದ್ಯರು ಕೆಟ್ಟ ಗಾಳಿಯೇ ರೋಗದ ಮೂಲವೆಂದು ನಂಬಿದ್ದರು. ಸೂಕ್ಷ್ಮಜೀವಿಗಳು ಪತ್ತೆಯಾದ ಮೇಲೆ ಆ ನಂಬಿಕೆಯನ್ನು ಕಿತ್ತೊಗೆಯಲು ಬಹಳ ಶ್ರಮಪಡಬೇಕಾಯಿತು. ಅಮೆರಿಕದ ಆರೋಗ್ಯಾಧಿಕಾರಿ ಚಾರ್ಲ್ಸ್ ಚಾಪಿನ್ 1910ರಲ್ಲಿ, ಹೆಚ್ಚಿನ ರೋಗಗಳು ಹರಡುವುದು ಹತ್ತಿರದ ಸಂಪರ್ಕದಿಂದಲೇ ಹೊರತು ಗಾಳಿಯಿಂದಲ್ಲ ಎಂದು ವಾದಿಸಿದರು, ಅದು ಮುಂದಿನ ತಲೆಮಾರುಗಳಿಗೆ ವೇದವಾಕ್ಯವಾಯಿತು. ನಮ್ಮಜ್ಜಿ ಮಗುವಿಗೆ ಜ್ವರ ಬಂದರೆ ‘ಗಾಳಿ ಸೋಕಿದೆ’ ಎನ್ನುತ್ತಿದ್ದರು. ಗಾಳಿಯ ಮಾತೆತ್ತಿದರೆ ಎಲ್ಲಿ ಅಜ್ಜಿಯ ಸಾಲಿಗೆ ಸೇರಿಬಿಡುತ್ತೇವೋ ಎಂಬ ಸಂಕೋಚ ದೊಡ್ಡ ದೊಡ್ಡ ವೈದ್ಯರಿಗೂ ಇದ್ದಿರಬಹುದೆಂದು ನನಗೆ ಅನ್ನಿಸುತ್ತದೆ. ಹಣದ ಲೆಕ್ಕವೂ ಇದ್ದೀತು: ಗಾಳಿಯೆಂದು ಒಪ್ಪಿದರೆ ಪ್ರತಿ ದಾದಿಗೂ ಎನ್-95 ಕೊಡಬೇಕು, ಕಟ್ಟಡಗಳನ್ನು ದುರಸ್ತಿ ಮಾಡಬೇಕು, ಕೈ ತೊಳೆಯಿರಿ ಎನ್ನುವುದಕ್ಕೆ ಒಂದು ಪೋಸ್ಟರ್ ಸಾಕು.

ತಮಾಷೆಯೆಂದರೆ, ನಮ್ಮವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಕ್ಷಯ ಗಾಳಿಯಿಂದ ಹರಡುತ್ತದೆಂಬುದನ್ನು 1950ರ ದಶಕದ ಕೊನೆಯಲ್ಲೇ ಅಮೆರಿಕದ ಬಾಲ್ಟಿಮೋರ್‌ನ ಆಸ್ಪತ್ರೆಯೊಂದರಲ್ಲಿ, ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಮಾಳಿಗೆಯ ಗಿನಿಯಿಲಿಗಳ ಗೂಡಿಗೆ ಹಾಯಿಸಿ ರಿಚರ್ಡ್ ರೈಲಿ ಮತ್ತು ವಿಲಿಯಂ ವೆಲ್ಸ್ ತೋರಿಸಿದ್ದರು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ಇದೆ. ಗಾಳಿಯಿಂದ ಹರಡುವ ಸೋಂಕನ್ನು ಆಸ್ಪತ್ರೆಗಳಲ್ಲಿ ತಡೆಯುವ ಬಗೆಯನ್ನು ಕುರಿತು ಕೇಂದ್ರ ಆರೋಗ್ಯ ಇಲಾಖೆ 2010ರಲ್ಲೇ ಒಂದು ಮಾರ್ಗಸೂಚಿ ತಂದಿತ್ತು. ಎದುರುಬದುರು ಕಿಟಕಿ, ಗಾಳಿಯಾಡುವ ಕಾಯುವ ಜಾಗ, ಎಲ್ಲವೂ ಅದರಲ್ಲಿದೆ. ಹತ್ತು ವರ್ಷಗಳ ಬಳಿಕ ಅದೇ ಸರ್ಕಾರದ ಭಿತ್ತಿಪತ್ರಗಳಲ್ಲಿ ನಾನು ಕಂಡದ್ದು ಸೋಪು, ನಲ್ಲಿ ಮತ್ತು ಎರಡು ಗಜದ ಅಂತರ.

ಇಷ್ಟು ಬರೆದವನು ಲಸಿಕೆಯನ್ನೂ ಬಿಟ್ಟಿರಬೇಕೆಂದು ಯಾರಾದರೂ ಭಾವಿಸಿದರೆ, ಇಲ್ಲ, ಸರದಿ ಬಂದ ದಿನವೇ ಹಾಕಿಸಿಕೊಂಡೆ. ಹಾಕಿಸಿಕೊಳ್ಳಲು ಒಪ್ಪದಿದ್ದವರು ನನ್ನ ಚಿಕ್ಕಪ್ಪ. ಅವರನ್ನು ಒಪ್ಪಿಸಲು ಹೋದ ದಿನ ಜಗುಲಿಯಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದರು. “ಮೊದಲು ಮಾಸ್ಕ್ ಬೇಡ ಅಂದ್ರು, ಆಮೇಲೆ ಹಾಕ್ಲಿಲ್ಲ ಅಂತ ದಂಡ ಹಾಕಿದ್ರು. ಗಾಳೀಲಿ ಇಲ್ಲ ಅಂದ್ರು, ಈಗ ಇದೆ ಅಂತಾರೆ. ಸೂಜಿ ವಿಷಯದಲ್ಲಿ ಮಾತ್ರ ಸರಿಯಾಗಿ ಹೇಳ್ತಿದಾರೆ ಅಂತ ನಿಂಗ್ಯಾರು ಹೇಳಿದ್ದು ಕಣೋ?” ಎಂದರು. ಲಸಿಕೆಯ ವಿಷಯವೇ ಬೇರೆ, ಅದಕ್ಕೆ ಪ್ರಯೋಗಗಳ ಪುರಾವೆಯಿದೆ ಎಂದು ನಾನು ಅರ್ಧ ಗಂಟೆ ಹೇಳಿದೆ. ಅವರು ಕೇಳಿದ್ದು ಪುರಾವೆಯನ್ನಲ್ಲ, ತಪ್ಪಾಯಿತೆಂದು ಯಾರಾದರೂ ಒಪ್ಪಿಕೊಂಡರೇ ಎಂದು. ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯ ವಿಜ್ಞಾನಿಯಾಗಿದ್ದ ಸೌಮ್ಯಾ ಸ್ವಾಮಿನಾಥನ್ ಅವರು, ಕೋವಿಡ್ ಗಾಳಿಯಿಂದ ಹರಡುತ್ತದೆಂಬುದನ್ನು ಇನ್ನೂ ಬೇಗ ಹೇಳಬೇಕಾಗಿತ್ತೆಂದು ಒಪ್ಪಿಕೊಂಡದ್ದು 2022ರ ಕೊನೆಯಲ್ಲಿ, ಹುದ್ದೆ ಬಿಡುವ ಹೊತ್ತಿಗೆ. ಆ ಸುದ್ದಿಯನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. “ಈಗಲಾದ್ರೂ ಹೇಳಿದ್ರಲ್ಲ ಪುಣ್ಯಾತ್ಗಿತ್ತಿ” ಎಂದು ಅಡಕತ್ತರಿಯನ್ನು ಕೆಳಗಿಟ್ಟರು, ಅಷ್ಟೇ.

ನಾನೀಗ ಅಂಗೈಯಗಲದ ಒಂದು ಇಂಗಾಲದ ಡೈಆಕ್ಸೈಡ್ ಮಾಪಕವನ್ನು ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತೇನೆ. ವೈರಾಣುವನ್ನು ಅದು ಅಳೆಯಲಾರದು, ಆದರೆ ನಾಲ್ಕು ಜನ ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ಕಟ್ಟಿಕೊಂಡಿದೆ ಎಂಬುದನ್ನು ಹೇಳುತ್ತದೆ. ಬಯಲಿನಲ್ಲಿ ಅದು 420ರ ಸುತ್ತಮುತ್ತ ನಿಲ್ಲುತ್ತದೆ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಅಷ್ಟು ಭಾಗ. ಕಳೆದ ವಾರ ಅಮ್ಮನ ಕೆಮ್ಮಿಗೆಂದು ಒಂದು ಕ್ಲಿನಿಕ್ಕಿಗೆ ಹೋಗಿದ್ದೆವು. ಹದಿಮೂರು ಮಂದಿ ಕಾಯುತ್ತಿದ್ದರು, ಎಸಿ ಹಾಕಿತ್ತು, ಕಿಟಕಿಗಳು ಮುಚ್ಚಿದ್ದವು, ಮಾಪಕ 2,150 ತೋರಿಸುತ್ತಿತ್ತು. ಗೋಡೆಯ ಮೇಲೆ ಕೈ ತೊಳೆಯುವ ಏಳು ಹಂತಗಳ ಚಿತ್ರವಿತ್ತು. ಕಿಟಕಿ ತೆರೆಯಬಹುದೇ ಎಂದು ಚೀಟಿ ಬರೆಯುತ್ತಿದ್ದ ಹುಡುಗಿಯನ್ನು ಕೇಳಿದೆ. “ಎಸಿ ಎಲ್ಲಾ ಹೊರಗೆ ಹೋಗುತ್ತೆ ಸಾರ್” ಎಂದಳು. ಮಾಪಕವನ್ನು ಅವಳ ಮುಂದೆ ಹಿಡಿದು ಅದೇನೆಂದು ವಿವರಿಸಿದೆ. ಅರ್ಥವಾಯಿತೋ, ನನ್ನ ಕಾಟ ತಪ್ಪಲೆಂದೋ, ಎದ್ದು ಹೋಗಿ ಕಿಟಕಿಯನ್ನು ಒಂದು ಗೇಣು ಸರಿಸಿದಳು. ನಮ್ಮ ಸರದಿ ಬರುವ ಹೊತ್ತಿಗೆ ಅದು 1,300ಕ್ಕೆ ಇಳಿದಿತ್ತು.