ಒಂದೇ ಹರಳಿನ ಎರಡು ಚಕ್ಕೆಗಳು

ಲೇಸರ್ ಬೆಳಕಿನ ಆವರ್ತನವನ್ನು ದ್ವಿಗುಣಗೊಳಿಸಬಲ್ಲ ಎಲ್-ಆರ್ಜಿನೈನ್ ಫಾಸ್ಫೇಟ್ ಎಂಬ ಸಾವಯವ ವಸ್ತುವಿನ ಒಂದೇ ಹರಳಿನಿಂದ ಕೊಯ್ದು, ಒಂದೇ ಬಗೆಯಲ್ಲಿ ಪಾಲಿಶ್ ಮಾಡಿದ ಎರಡು ಚಕ್ಕೆಗಳನ್ನು ನಾನೊಮ್ಮೆ 1064 ನ್ಯಾನೊಮೀಟರಿನ ಅವಕೆಂಪು ಬೆಳಕು ಕೊಡುವ ನಿಯೋಡಿಮಿಯಂ-ಯಾಗ್ ಲೇಸರಿನ ಮುಂದೆ ಇಟ್ಟಿದ್ದೆ. ಬೀಜಹರಳಿನ (ಬೆಳವಣಿಗೆ ಶುರುವಾಗುವ ಚಿಕ್ಕ ಹರಳಿನ) ಪಕ್ಕದಿಂದ ಕೊಯ್ದ ಚಕ್ಕೆ ಟಕ್ ಎಂಬ ಸಣ್ಣ ಸದ್ದು ಮಾಡಿ, ಬಿಳಿ ಕಿಡಿಯೊಂದನ್ನು ಕಾರಿ ಬೇಗನೆ ಕೆಟ್ಟುಹೋಯಿತು. ಹೊರಭಾಗದ ಚಕ್ಕೆ ಅದಕ್ಕಿಂತ ಬಹಳ ಹೆಚ್ಚಿನ ಶಕ್ತಿಯನ್ನು ತಾಳಿಕೊಂಡಿತು. ಎರಡರಲ್ಲೂ ಅಣು ಒಂದೇ, ಅಣುಗಳ ಜೋಡಣೆಯೂ ಒಂದೇ. ‘ಈ ವಸ್ತುವಿನ ಲೇಸರ್ ಹಾನಿಮಿತಿ, ಅಂದರೆ ಕೆಡದೆ ತಾಳಬಲ್ಲ ಗರಿಷ್ಠ ತೀವ್ರತೆ, ಇಷ್ಟು’ ಎಂದು ಒಂದೇ ಅಂಕಿ ಕೊಡುವ ಪ್ರಬಂಧಗಳನ್ನು ಅಂದಿನಿಂದ ನಾನು ಸ್ವಲ್ಪ ಸಂಶಯದಿಂದಲೇ ಓದುತ್ತೇನೆ.

1961ರಲ್ಲಿ ಭೌತವಿಜ್ಞಾನಿ ಪೀಟರ್ ಫ್ರಾಂಕನ್ ಮತ್ತು ಸಂಗಡಿಗರು ಕ್ವಾರ್ಟ್ಜ್ ಹರಳಿನ ಮೂಲಕ ರೂಬಿ ಲೇಸರನ್ನು ಹಾಯಿಸಿ 694.3 ನ್ಯಾನೊಮೀಟರಿನ ಕೆಂಪು ಬೆಳಕಿನಿಂದ ಅದರ ಅರ್ಧ ತರಂಗದೂರದ ನೇರಳಾತೀತ ಬೆಳಕನ್ನು ಪಡೆದಾಗಿನಿಂದಲೂ ಹರಳುಗಳಿಂದ ಲೇಸರಿನ ಆವರ್ತನ ದ್ವಿಗುಣಗೊಳಿಸುವ ಈ ಕ್ಷೇತ್ರದ ತೊಡಕು ಒಂದೇ: ಆವರ್ತನ ದ್ವಿಗುಣವಾಗಿ ಹೊರಬರುವ ಬೆಳಕು ಒಳಹೋಗುವ ತೀವ್ರತೆಯ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಕಿರಣವನ್ನು ಇನ್ನಷ್ಟು ಕಿರಿದಾಗಿಸುವ ಆಸೆ ಹುಟ್ಟುತ್ತದೆ; ಕಿರಿದಾಗಿಸಿದಷ್ಟೂ ಹರಳು ಕೆಡುವ ಅಪಾಯ ಹೆಚ್ಚುತ್ತದೆ. ಸಾವಯವ ಹರಳುಗಳಲ್ಲಿ ಅರೇಖೀಯ ಗುಣಾಂಕ (ಆವರ್ತನ ದ್ವಿಗುಣಗೊಳಿಸುವ ಸಾಮರ್ಥ್ಯದ ಅಳತೆ) ಬಹಳ ದೊಡ್ಡದಿರಬಹುದು; ಆದರೆ ಅಣುಗಳನ್ನು ಹಿಡಿದಿಟ್ಟಿರುವುದು ಹೆಚ್ಚಾಗಿ ಹೈಡ್ರೋಜನ್ ಬಂಧಗಳು ಮತ್ತು ವಾನ್ ಡರ್ ವಾಲ್ಸ್ ಬಲಗಳು. ಆದ್ದರಿಂದ ಇವು ಮೃದು, ಶಾಖವನ್ನು ನಿಧಾನವಾಗಿ ಸಾಗಿಸುತ್ತವೆ, ಕಡಿಮೆ ಉಷ್ಣತೆಯಲ್ಲೇ ಕರಗುತ್ತವೆ. ಯೂರಿಯಾ 133 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ.

ಹೀಗಿದ್ದರೂ ನ್ಯಾನೊಸೆಕೆಂಡ್ ಪಲ್ಸುಗಳಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಅಣುವಲ್ಲ. ಬೆಳೆಯುವಾಗ ಒಳಗೆ ಸಿಕ್ಕಿಬಿದ್ದ ದ್ರಾವಣದ ಹನಿಯೋ ಧೂಳಿನ ಕಣವೋ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಸುತ್ತಲಿನ ಹರಳು ಆ ಒತ್ತಡಕ್ಕೆ ಸೀಳುತ್ತದೆ. ಅಣುವಿನ ಪಾಲೂ ಇಲ್ಲದಿಲ್ಲ. 1064 ನ್ಯಾನೊಮೀಟರಿನ ಆಸುಪಾಸಿನಲ್ಲಿ ಹೈಡ್ರೋಜನ್ ಬಂಧಿತ ಗುಂಪುಗಳ ಕಂಪನಗಳ ಅಧಿಸ್ವರಗಳು (ಮೂಲ ಕಂಪನಕ್ಕಿಂತ ಹಲವು ಪಟ್ಟು ಆವರ್ತನದವು) ದುರ್ಬಲವಾಗಿಯಾದರೂ ಬೆಳಕನ್ನು ಹೀರುತ್ತವೆ; ಎಲ್-ಆರ್ಜಿನೈನ್ ಫಾಸ್ಫೇಟಿನಲ್ಲಿ ಹೈಡ್ರೋಜನ್ ಬದಲು ಡ್ಯುಟೇರಿಯಂ ಇರಿಸಿದರೆ ಈ ಹೀರುವಿಕೆ ತಗ್ಗುತ್ತದೆ. ಇನ್ನೊಂದು ಅಪಾಯವನ್ನು ಹರಳು ತಾನೇ ತಂದುಕೊಳ್ಳುತ್ತದೆ: ತಾನು ಹುಟ್ಟಿಸಿದ 532 ನ್ಯಾನೊಮೀಟರಿನ ಹಸಿರು ಬೆಳಕಿನ ಎರಡು ಫೋಟಾನುಗಳು ಸೇರಿದರೆ 266 ನ್ಯಾನೊಮೀಟರಿನ ಒಂದು ಫೋಟಾನಿನ ಶಕ್ತಿ ಆಗುತ್ತದೆ, ಮತ್ತು ಬೆಂಜೀನಿನಂತಹ ಆರೊಮ್ಯಾಟಿಕ್ ಉಂಗುರವಿರುವ ಅಣುಗಳು ಅದನ್ನು ಚೆನ್ನಾಗಿಯೇ ಹೀರಬಲ್ಲವು.

ಇನ್ನು ಅಳತೆಯ ಮಾತು. 10 ನ್ಯಾನೊಸೆಕೆಂಡಿನ, 10 ಮಿಲಿಜೌಲಿನ ಪಲ್ಸನ್ನು 0.1 ಮಿಲಿಮೀಟರ್ ತ್ರಿಜ್ಯದ ಚುಕ್ಕೆಗೆ ಇಳಿಸಿದರೆ ಸರಾಸರಿ ತೀವ್ರತೆ ಚದರ ಸೆಂಟಿಮೀಟರಿಗೆ ಸುಮಾರು 3.2 ಗಿಗಾವಾಟ್. ಕಿರಣ ಗಾಸಿಯನ್ (ನಡುವೆ ಪ್ರಖರ, ಅಂಚಿನತ್ತ ಕ್ರಮೇಣ ಮಂದ) ಆಗಿದ್ದು, ತೀವ್ರತೆ ನಡುವಿನದರ ಶೇ 13.5ಕ್ಕೆ ಇಳಿಯುವ ಅಂಚಿನವರೆಗೆ ಆ ತ್ರಿಜ್ಯವನ್ನು ಅಳೆದಿದ್ದರೆ, ನಡುಬಿಂದುವಿನ ತೀವ್ರತೆ ಅದರ ಎರಡರಷ್ಟು, ಅಂದರೆ 6.4. ತ್ರಿಜ್ಯ ನಿಜಕ್ಕೂ 0.12 ಇದ್ದರೆ ಆ 3.2 ಎಂಬುದು 2.2ಕ್ಕೆ ಕುಸಿಯುತ್ತದೆ. ಚುಕ್ಕೆಯನ್ನು ಅಳೆಯದೆ, ಮಸೂರದ ಸೂತ್ರದಿಂದ ಲೆಕ್ಕಹಾಕಿಬಿಡುವುದು ನಾನೂ ಮಾಡಿದ ತಪ್ಪೇ. ಪಲ್ಸಿನ ಅವಧಿ ಹೇಳದ ಗಿಗಾವಾಟಿಗಂತೂ ಅರ್ಥವೇ ಇಲ್ಲ, ಏಕೆಂದರೆ ಹತ್ತಾರು ಪಿಕೊಸೆಕೆಂಡಿಗಿಂತ ದೀರ್ಘವಾದ ಪಲ್ಸುಗಳಲ್ಲಿ ತಾಳಬಲ್ಲ ಜೌಲುಗಳು ಸ್ಥೂಲವಾಗಿ ಅವಧಿಯ ವರ್ಗಮೂಲದಂತೆ ಬದಲಾಗುತ್ತವೆ. ಒಂದು ಜಾಗಕ್ಕೆ ಒಂದೇ ಪಲ್ಸು ಹೊಡೆದದ್ದೋ, ನೂರಾರು ಹೊಡೆದದ್ದೋ ಎಂಬುದನ್ನೂ ಹೇಳಬೇಕು. ಸಾವಯವ ಹರಳುಗಳಲ್ಲಿ ಶಾಖ ಬೇಗ ಹರಿದುಹೋಗದ ಕಾರಣ ಎರಡನೆಯದು ಇನ್ನೂ ಕಠಿಣ ಪರೀಕ್ಷೆ.

ನನ್ನ ಹರಳಿನ ಕೇಡಿಗೆ ಕಾರಣ ಕಡೆಗೆ ಸಿಕ್ಕಿದ್ದು ಬೀಕರಿನಲ್ಲಿ. ಆರ್ಜಿನೈನ್ ಅಮೈನೊ ಆಮ್ಲ. ಸೂಕ್ಷ್ಮಜೀವಿಗಳಿಗೆ ಅದು ಆಹಾರ. ವಾರಗಟ್ಟಲೆ ನಿಂತ ದ್ರಾವಣದಲ್ಲಿ ಹತ್ತಿಯ ಎಳೆಯಂತಹ ಬೂಷ್ಟು ಬೀಜಹರಳಿನ ದಾರಕ್ಕೆ ಅಂಟಿಕೊಂಡಿತ್ತು, ಹರಳು ಅದನ್ನೂ ಒಳಗೆಳೆದುಕೊಂಡೇ ಬೆಳೆದಿತ್ತು. ಈಗ ದ್ರಾವಣವನ್ನು 0.2 ಮೈಕ್ರೋಮೀಟರ್ ರಂಧ್ರದ ಸೋಸಕದಲ್ಲಿ ಸೋಸುತ್ತೇನೆ. ಕೊಯ್ದ ಪ್ರತಿ ಚಕ್ಕೆಯೊಳಗೂ ಕತ್ತಲೆಯಲ್ಲಿ ಹೀಲಿಯಂ-ನಿಯಾನ್ ಲೇಸರಿನ ಕಿರಣ ಹಾಯಿಸಿ, ಒಳಗಿನ ಕಸ ಬೆಳಕನ್ನು ಚದುರಿಸಿ ಕೆಂಪು ಗೆರೆ ಎಲ್ಲಿ ಮಸುಕು ಮಸುಕಾಗಿ ಹೊಳೆಯುತ್ತದೆಯೋ ಆ ಭಾಗವನ್ನು ಅಳತೆಗೆ ಮೊದಲೇ ಗುರುತು ಮಾಡಿಕೊಳ್ಳುತ್ತೇನೆ.